ಗಾಯನ ಮಂಡಳಿಗೆ ಬೇಸ್ ಗಿಟಾರ್: ಕಡಿಮೆ ಖರ್ಚಿನಲ್ಲಿ ಆಯ್ಕೆ ಮತ್ತು ಹೊಂದಾಣಿಕೆ

ಧರ್ಮಕೇಂದ್ರದ ವಾರ್ಷಿಕ ಹಬ್ಬದ ತಯಾರಿ ಆರಂಭವಾದಾಗ ಅಥವಾ ಕ್ರಿಸ್ಮಸ್ ಹತ್ತಿರವಾದಾಗ ಗಾಯನ ಮಂಡಳಿಯ ಯುವಜನರು ಧರ್ಮಗುರುಗಳ ನಿವಾಸಕ್ಕೆ ಬಂದು ಕೇಳುವ ಮಾತೊಂದಿದೆ: "ಫಾದರ್, ಕೀಬೋರ್ಡ್ ಇದೆ, ಗಿಟಾರ್ ಇದೆ. ಒಂದು ಬೇಸ್ ಗಿಟಾರ್ ಇದ್ದರೆ ಚೆನ್ನಾಗಿತ್ತು." ಈ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಇದಕ್ಕಾಗಿ ಸಿಗುವ ಹಣ ಕ್ಯಾರೊಲ್ ಹಾಡಿ ಒಟ್ಟುಗೂಡಿಸಿದ್ದು ಅಥವಾ ಯಾರೋ ದಾನಿಗಳು ಕೊಟ್ಟದ್ದು. ಅದನ್ನು ಎಚ್ಚರದಿಂದ ಖರ್ಚು ಮಾಡುವುದು ನಮ್ಮ ಕರ್ತವ್ಯ. ಯಾವುದನ್ನು ಕೊಳ್ಳಬೇಕು, ಕೊಂಡ ಮೇಲೆ ಹೇಗೆ ಹೊಂದಿಸಬೇಕು, ಇಗರ್ಜಿಯೊಳಗೆ ಹೇಗೆ ಬಳಸಬೇಕು ಎಂಬುದನ್ನು ಗಾಯನ ಮಂಡಳಿಯ ನಿರ್ದೇಶಕರು, ಪಾಲನಾ ಸಮಿತಿಯ ಸದಸ್ಯರು ಹಾಗೂ ಯುವಜನರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಬೇಸ್ ಗಿಟಾರ್ ಒಂದನ್ನು ಕೊಂಡೆವು. ಹತ್ತನೇ ತರಗತಿಯ ಹುಡುಗನೊಬ್ಬ ಬಹಳ ಆಸೆಯಿಂದ ಕಲಿಯಲು ಮುಂದೆ ಬಂದ. ನಾಲ್ಕೈದು ವಾರ ಪ್ರಯತ್ನಿಸಿದ. ಬೆರಳುಗಳಲ್ಲಿ ಬೊಕ್ಕೆ ಎದ್ದವು, ಸ್ವರ ಮಾತ್ರ ಸರಿಯಾಗಿ ಬರಲಿಲ್ಲ. ಅಭ್ಯಾಸ ಸಾಲದು ಎಂದು ನಾನೇ ಗದರಿಸಿದೆ. ಆತ ಬರುವುದನ್ನು ನಿಲ್ಲಿಸಿದ. ಮರುವರ್ಷ ಮದುವೆಯೊಂದಕ್ಕೆ ಬಂದ ವಾದ್ಯಗಾರರೊಬ್ಬರು ಆ ಗಿಟಾರನ್ನು ಕೈಗೆತ್ತಿಕೊಂಡು, "ಫಾದರ್, ತಂತಿ ಇಷ್ಟು ಎತ್ತರದಲ್ಲಿದ್ದರೆ ನನ್ನಿಂದಲೂ ನುಡಿಸಲು ಆಗದು" ಎಂದರು. ಕಿಸೆಯಿಂದ ಅಲೆನ್ ಕೀ ತೆಗೆದು ಅರ್ಧ ಗಂಟೆಯಲ್ಲಿ ಸರಿಪಡಿಸಿ ಕೊಟ್ಟರು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೆ ಅಷ್ಟರಲ್ಲಿ ಆ ಹುಡುಗ ಪಿಯುಸಿ ಓದಲು ಬೇರೆ ಊರಿಗೆ ಹೋಗಿಯಾಗಿತ್ತು.

ಈ ಲೇಖನದ ಸಾರ ಇಷ್ಟೇ: ಬೇಸ್ ಗಿಟಾರನ್ನು ಕೊಳ್ಳುವುದಕ್ಕಿಂತ ಅದನ್ನು ಹೊಂದಿಸುವುದು ಮುಖ್ಯ. ಸಾಧಾರಣ ಬೆಲೆಯ ಗಿಟಾರ್ ಕೂಡ ಸರಿಯಾಗಿ ಹೊಂದಿಸಿದರೆ ಹಲವು ವರ್ಷ ಸೇವೆ ಕೊಡುತ್ತದೆ. ಹೊಂದಿಸದೆ ಬಿಟ್ಟರೆ ದುಬಾರಿ ಗಿಟಾರ್ ಕೂಡ ಕಪಾಟಿನಲ್ಲಿ ಕೂರುತ್ತದೆ.

ಬೇಸ್ ಗಿಟಾರ್ ಎಂದರೇನು?

ಸಾಮಾನ್ಯ ಗಿಟಾರಿಗೆ ಆರು ತಂತಿಗಳಾದರೆ ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು. ದಪ್ಪದ್ದರಿಂದ ತೆಳುವಿನ ಕಡೆಗೆ ಅವುಗಳ ಶ್ರುತಿ ಇ, ಎ, ಡಿ, ಜಿ. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಇವು ಒಂದು ಸಪ್ತಕ ಕೆಳಗೆ ನುಡಿಯುತ್ತವೆ. ಅತಿ ದಪ್ಪದ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ ತಂತಿ 55, ಡಿ ತಂತಿ 73, ಜಿ ತಂತಿ 98 ಸಲ.

ಇದಕ್ಕೆ ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ವಾದ್ಯ ಮಾಡುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ, ಇತರ ವಾದ್ಯಗಳ ನಡುವೆ ಅದು ಕೇಳಿಸುವುದೂ ಕಷ್ಟ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದರು. ಕುತ್ತಿಗೆಯ ಮೇಲೆ ಫ್ರೆಟ್‌ಗಳಿದ್ದುದರಿಂದ ಸ್ವರ ನಿಖರವಾಗಿ ಬರುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. 1960ರಲ್ಲಿ ಅದೇ ಸಂಸ್ಥೆಯ ಜಾಝ್ ಬೇಸ್ ಬಂತು. ಇಂದು ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಬೇಸ್ ಗಿಟಾರ್‌ಗಳಲ್ಲಿ ಬಹುಪಾಲು ಇವೆರಡರ ಜಾಡಿನಲ್ಲೇ ತಯಾರಾದವು.

ಪೂಜಾವಿಧಿಯಲ್ಲಿ ಇದರ ಸ್ಥಾನ

ವಾದ್ಯ ಕೊಳ್ಳುವ ಮೊದಲು ಅದು ಯಾಕೆ ಬೇಕು ಎಂಬುದು ಸ್ಪಷ್ಟವಾಗಿರಬೇಕು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನದ 120ನೇ ವಿಧಿ ಪೈಪ್ ಆರ್ಗನ್‌ಗೆ ವಿಶೇಷ ಗೌರವ ನೀಡುತ್ತಲೇ, ಪವಿತ್ರ ಬಳಕೆಗೆ ಯೋಗ್ಯವಾದ ಇತರ ವಾದ್ಯಗಳನ್ನು ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಲು ಅವಕಾಶ ಕೊಟ್ಟಿದೆ. 1967ರ 'ಮ್ಯೂಸಿಕಾಮ್ ಸಾಕ್ರಾಮ್' ಎಂಬ ಸೂಚನಾಪತ್ರದ 64ನೇ ವಿಧಿ ಇನ್ನೂ ಸ್ಪಷ್ಟವಾಗಿದೆ: ವಾದ್ಯಗಳು ಹಾಡುವವರಿಗೆ ಆಧಾರವಾಗಿರಬೇಕು, ಹಾಡಿನ ಮಾತುಗಳು ಅರ್ಥವಾಗದಂತೆ ಧ್ವನಿಯನ್ನು ಮುಳುಗಿಸಬಾರದು, ಗುರುಗಳು ತಮ್ಮ ಪಾತ್ರದ ಪ್ರಾರ್ಥನೆಗಳನ್ನು ಗಟ್ಟಿಯಾಗಿ ಹೇಳುವಾಗ ಮೌನವಾಗಿರಬೇಕು. ತಪಸ್ಸು ಕಾಲದಲ್ಲಿ ವಾದ್ಯಗಳನ್ನು ಹಾಡಿಗೆ ಆಧಾರವಾಗಿ ಮಾತ್ರ ಬಳಸಬೇಕೆಂಬುದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 313ನೇ ವಿಧಿ. ನಾಲ್ಕನೇ ಭಾನುವಾರ ಮತ್ತು ಹಬ್ಬಗಳಿಗೆ ಅದರಲ್ಲಿ ವಿನಾಯಿತಿ ಇದೆ.

ಬೇಸ್ ಗಿಟಾರಿನ ಸ್ವಭಾವವೇ ಆಧಾರವಾಗಿರುವುದು. ಚೆನ್ನಾಗಿ ನುಡಿಸಿದಾಗ ಭಕ್ತಾದಿಗಳಿಗೆ ಅದು ಪ್ರತ್ಯೇಕವಾಗಿ ಗೋಚರವಾಗುವುದಿಲ್ಲ. ಆದರೆ ಹಾಡು ಶ್ರುತಿ ಇಳಿಯದೆ, ಲಯ ತಪ್ಪದೆ ಸಾಗುತ್ತದೆ. ಕೊಳ್ಳುವ ಎಲ್ಲ ನಿರ್ಧಾರಗಳನ್ನೂ ಈ ಅಳತೆಗೋಲಿನಿಂದ ನೋಡಿದರೆ ಅನಗತ್ಯ ಖರ್ಚು ತಾನಾಗಿ ಕಡಿಮೆಯಾಗುತ್ತದೆ.

ಹಣವನ್ನು ಹೇಗೆ ಹಂಚಬೇಕು?

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಿರಿಯರು ಹೇಳಿದ್ದಾರೆ. ಇದ್ದ ಹಣವನ್ನೆಲ್ಲ ಗಿಟಾರಿಗೇ ಸುರಿದು, ಕೇಬಲ್‌ಗೂ ತಂತಿಗೂ ಹಣವಿಲ್ಲದೆ ಕುಳಿತುಕೊಳ್ಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಬೆಲೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಇಲ್ಲಿ ಪ್ರಮಾಣವನ್ನು ಮಾತ್ರ ಸೂಚಿಸುತ್ತೇನೆ. ಕೈಯಲ್ಲಿರುವುದು 100 ರೂಪಾಯಿ ಎಂದಿಟ್ಟುಕೊಂಡರೆ:

• ಗಿಟಾರಿಗೆ 50 ರೂಪಾಯಿ.
• ಆಂಪ್ಲಿಫೈಯರ್ ಅಥವಾ ಡಿ.ಐ. ಬಾಕ್ಸ್‌ಗೆ 30 ರೂಪಾಯಿ.
• ಒಳ್ಳೆಯ ಕೇಬಲ್, ಅಗಲವಾದ ಹೆಗಲಪಟ್ಟಿ, ಟ್ಯೂನರ್ ಮತ್ತು ಚೀಲಕ್ಕೆ 10 ರೂಪಾಯಿ.
• ಹೊಸ ತಂತಿ ಮತ್ತು ಹೊಂದಾಣಿಕೆಯ ಕೂಲಿಗೆ 10 ರೂಪಾಯಿ.

ಕೊನೆಯ 10 ರೂಪಾಯಿಯನ್ನು ಯಾವ ಕಾರಣಕ್ಕೂ ಬೇರೆ ಕಡೆಗೆ ತಿರುಗಿಸಬೇಡಿ. ಹಣ ಸಾಲದಿದ್ದರೆ ಮೊದಲ ವರ್ಷ ಆಂಪ್ಲಿಫೈಯರ್ ಬಿಟ್ಟು ಡಿ.ಐ. ಬಾಕ್ಸ್‌ನಲ್ಲಿ ಕೆಲಸ ನಡೆಸಬಹುದು. ಅದರ ವಿವರ ಮುಂದೆ ಇದೆ.

ಗಿಟಾರಿನ ಆಯ್ಕೆ

ಆರಂಭಿಕರಿಗಾಗಿಯೇ ತಯಾರಾಗುವ ಮಾದರಿಗಳು ಸಾಕು. ಯಮಹಾ, ಕೋರ್ಟ್, ಐಬನೆಝ್ ಸಂಸ್ಥೆಗಳ ಆರಂಭಿಕ ಮಾದರಿಗಳು ಹಾಗೂ ಫೆಂಡರ್ ಸಂಸ್ಥೆಯದೇ ಕಡಿಮೆ ಬೆಲೆಯ ಹೆಸರಾದ ಸ್ಕ್ವಾಯರ್ ಗಿಟಾರ್‌ಗಳು ಇಗರ್ಜಿಯ ಕೆಲಸಕ್ಕೆ ಧಾರಾಳವಾಗಿ ಸಾಲುತ್ತವೆ. ಹೆಸರಿಗಿಂತ ಈ ಕೆಳಗಿನ ಅಂಶಗಳನ್ನು ಗಮನಿಸಿ.

ತಂತಿಗಳ ಸಂಖ್ಯೆ: ನಾಲ್ಕು ಸಾಕು. ಐದು ತಂತಿಯ ಗಿಟಾರಿನಲ್ಲಿ ಇನ್ನೂ ಕೆಳಗಿನ ಬಿ ತಂತಿ ಇರುತ್ತದೆ. ಅದು ಸೆಕೆಂಡಿಗೆ ಸುಮಾರು 31 ಸಲ ಕಂಪಿಸುತ್ತದೆ. ಚಿಕ್ಕ ಸ್ಪೀಕರ್‌ಗಳಲ್ಲಿ ಆ ಸ್ವರ ಕೇಳಿಸುವುದೇ ಇಲ್ಲ. ಕಲಿಯುವವರಿಗೂ ಒಂದು ತಂತಿ ಹೊರೆ.

ಉದ್ದ: ತಂತಿ ಕಂಪಿಸುವ ಉದ್ದ ಸಾಮಾನ್ಯವಾಗಿ 34 ಇಂಚು. 30 ಇಂಚಿನ ಚಿಕ್ಕ ಮಾದರಿಗಳೂ ಇವೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬಳಸಿದ ಪಿಟೀಲಿನ ಆಕಾರದ ಹಾಫ್ನರ್ ಗಿಟಾರ್ ಚಿಕ್ಕ ಅಳತೆಯದ್ದೇ. ನಿಮ್ಮಲ್ಲಿ ನುಡಿಸುವವರು ಶಾಲೆಯ ಮಕ್ಕಳಾಗಿದ್ದರೆ ಅಥವಾ ಕೈ ಚಿಕ್ಕದಾಗಿದ್ದರೆ 30 ಇಂಚಿನದ್ದನ್ನೇ ನೋಡಿ.

ಪ್ಯಾಸಿವ್ ಅಥವಾ ಆ್ಯಕ್ಟಿವ್: ಆ್ಯಕ್ಟಿವ್ ಗಿಟಾರಿನೊಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಜ್ಯಾಕ್ ಚುಚ್ಚಿಟ್ಟಷ್ಟು ಹೊತ್ತೂ ಆ ಬ್ಯಾಟರಿ ಖರ್ಚಾಗುತ್ತದೆ. ಅಭ್ಯಾಸ ಮುಗಿಸಿ ಕೇಬಲ್ ತೆಗೆಯಲು ಮರೆತರೆ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಧ್ವನಿಯೇ ಇಲ್ಲದಾದೀತು. ಹಲವರ ಕೈಗೆ ಹೋಗುವ ಇಗರ್ಜಿಯ ವಾದ್ಯಕ್ಕೆ ಬ್ಯಾಟರಿ ಇಲ್ಲದ ಪ್ಯಾಸಿವ್ ಮಾದರಿಯೇ ಒಳ್ಳೆಯದು.

ತೂಕ: ನುಡಿಸುವವರ ಹೆಗಲಿಗೆ ಹಾಕಿ ಹತ್ತು ನಿಮಿಷ ನಿಲ್ಲಿಸಿ ನೋಡಿ. ಕೈ ಬಿಟ್ಟಾಗ ಗಿಟಾರಿನ ತಲೆ ನೆಲದ ಕಡೆಗೆ ವಾಲಿದರೆ ಎಡಗೈ ಅದನ್ನು ಹೊರುವುದರಲ್ಲೇ ದಣಿಯುತ್ತದೆ.

ಒಮ್ಮೆ ಬಳಸಿದ್ದನ್ನು ಕೊಳ್ಳುವುದಾದರೆ

ಒಮ್ಮೆ ಬಳಸಿದ ಗಿಟಾರ್ ಕಡಿಮೆ ಬೆಲೆಗೆ ಸಿಗುತ್ತದೆ, ಹಲವು ಸಲ ಅದೇ ಉತ್ತಮ ಆಯ್ಕೆ. ಆದರೆ ಚಿತ್ರ ನೋಡಿ ಹಣ ಕೊಡಬೇಡಿ. ಕೈಯಲ್ಲಿ ಹಿಡಿದು ಇವುಗಳನ್ನು ಪರೀಕ್ಷಿಸಿ:

1. ಬಂದೂಕಿನ ಗುರಿ ನೋಡುವಂತೆ ತಲೆಯ ಕಡೆಯಿಂದ ಕುತ್ತಿಗೆಯ ಉದ್ದಕ್ಕೂ ನೋಡಿ. ಸ್ವಲ್ಪ ಬಾಗು ಇದ್ದರೆ ತೊಂದರೆಯಿಲ್ಲ. ತಿರುಚಿಕೊಂಡಿದ್ದರೆ ಬೇಡ.
2. ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳಿನ ತಿರುಪು ತಿರುಗುತ್ತದೆಯೇ ಎಂದು ಮಾರುವವರಿಂದಲೇ ತಿರುಗಿಸಿ ತೋರಿಸಿಕೊಳ್ಳಿ. ಅದು ಬಿಗಿದುಕೊಂಡಿದ್ದರೆ ಆ ಗಿಟಾರನ್ನು ಮುಂದೆ ಸರಿಪಡಿಸಲಾಗದು.
3. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಯಾವುದೋ ಒಂದು ಜಾಗದಲ್ಲಿ ಮಾತ್ರ ಝರ್ ಎಂದರೆ ಅಲ್ಲಿನ ಫ್ರೆಟ್ ಎದ್ದಿದೆ ಅಥವಾ ಸವೆದಿದೆ ಎಂದರ್ಥ.
4. ಬ್ರಿಡ್ಜಿನ ಸಣ್ಣ ತಿರುಪುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಕಡಲ ತೀರದ ಮನೆಗಳಲ್ಲಿದ್ದ ಗಿಟಾರ್‌ಗಳಲ್ಲಿ ಇದು ಸಾಮಾನ್ಯ. ತಿರುಪು ತಿರುಗದಿದ್ದರೆ ತಂತಿಯ ಎತ್ತರ ಸರಿಪಡಿಸಲು ಸಾಧ್ಯವಿಲ್ಲ, ಬ್ರಿಡ್ಜನ್ನೇ ಬದಲಿಸಬೇಕಾಗುತ್ತದೆ.
5. ಗುಂಡಿಗಳನ್ನು ತಿರುಗಿಸುವಾಗ ಕರಕರ ಸದ್ದು ಬಂದರೆ ಹೆದರಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೆಚ್ಚಾಗಿ ಹೋಗುತ್ತದೆ. ಆದರೆ ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು.

ತಂತಿಗಳು

ನಾಲ್ಕು ತಂತಿಯ ಗಿಟಾರಿಗೆ ಸಾಮಾನ್ಯ ಅಳತೆ 45ರಿಂದ 105. ಅಂದರೆ ತೆಳುವಾದ ತಂತಿ ಇಂಚಿನ ಸಾವಿರದ 45 ಭಾಗ, ದಪ್ಪದ್ದು 105 ಭಾಗ. ಬೆರಳು ನೋಯುವವರಿಗೆ 40ರಿಂದ 100ರ ಹಗುರ ತಂತಿ ಹಾಕಿಸಬಹುದು.

ತಂತಿಗಳಲ್ಲಿ ಎರಡು ಮುಖ್ಯ ಬಗೆ. ದುಂಡು ಸುತ್ತಿನ ತಂತಿ ಅಗ್ಗ. ಹೊಸದಿದ್ದಾಗ ಅದರ ಧ್ವನಿ ಖಣಖಣ ಎನ್ನುತ್ತದೆ. ಆದರೆ ಸುತ್ತುಗಳ ಸಂದಿನಲ್ಲಿ ಬೆವರು, ಧೂಳು ಸೇರಿ ಬೇಗನೆ ಮಂಕಾಗುತ್ತದೆ, ಬೆರಳು ಜಾರಿಸುವಾಗ ಕೀರಲು ಸದ್ದು ಬರುತ್ತದೆ. ಚಪ್ಪಟೆ ಸುತ್ತಿನ ತಂತಿ ನಯವಾಗಿರುತ್ತದೆ. ಬೆಲೆ ಹೆಚ್ಚಾದರೂ ವರ್ಷಗಟ್ಟಲೆ ಬಾಳುತ್ತದೆ, ಧ್ವನಿ ದುಂಡಗೆ, ಮೃದುವಾಗಿರುತ್ತದೆ. ಅಮೆರಿಕದ ಮೋಟೌನ್ ಸಂಸ್ಥೆಯ 1960ರ ದಶಕದ ಪ್ರಸಿದ್ಧ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಚಪ್ಪಟೆ ಸುತ್ತಿನ ತಂತಿಗಳನ್ನೇ ಬಳಸುತ್ತಿದ್ದರು. ತಂತಿ ಬದಲಿಸುವುದೇ ಅವರಿಗೆ ಇಷ್ಟವಿರಲಿಲ್ಲ. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಒಳ್ಳೆಯ ಬೇಸ್ ಧ್ವನಿಗೆ ಹೊಳೆಯುವ ಹೊಸ ತಂತಿಯೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬಲಿಪೂಜೆಯ ಗೀತೆಗಳಿಗೂ ನಮ್ಮ ಉಪ್ಪುಗಾಳಿಗೂ ಚಪ್ಪಟೆ ಸುತ್ತಿನ ತಂತಿ ಹೊಂದುತ್ತದೆ.

ಮಂಕಾದ ದುಂಡು ಸುತ್ತಿನ ತಂತಿಯನ್ನು ಕಳಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒರೆಸಿ, ಪೂರ್ತಿ ಒಣಗಿಸಿ ಮತ್ತೆ ಹಾಕಿದರೆ ಕೆಲವು ವಾರಗಳ ಮಟ್ಟಿಗೆ ಜೀವ ಬರುತ್ತದೆ. ತುಕ್ಕು ಹಿಡಿದ ತಂತಿಗೆ ಈ ಉಪಾಯ ನಡೆಯುವುದಿಲ್ಲ.

ಹೊಂದಾಣಿಕೆ: ಐದು ಹಂತಗಳು

ಇದೇ ಈ ಲೇಖನದ ಮುಖ್ಯ ಭಾಗ. ಬೇಕಾದ ಸಾಮಾನು ಇಷ್ಟೇ: ಗಿಟಾರಿನ ಜೊತೆ ಬರುವ ಅಲೆನ್ ಕೀಗಳು, ಸ್ಕ್ರೂ ಡ್ರೈವರ್, ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಸ್ಕೇಲ್, ಟ್ಯೂನರ್. ಕೆಳಗಿನ ಕ್ರಮವನ್ನು ತಪ್ಪಿಸಬೇಡಿ. ಒಂದು ಹಂತ ಬದಲಾದರೆ ಮುಂದಿನದೂ ಬದಲಾಗುತ್ತದೆ.

1. ತಂತಿ ಮತ್ತು ಶ್ರುತಿ: ಯಾವ ತಂತಿಯಲ್ಲಿ ನುಡಿಸುತ್ತೀರೋ ಅದನ್ನೇ ಹಾಕಿ ಸರಿಯಾದ ಶ್ರುತಿಗೆ ತನ್ನಿ. ಶ್ರುತಿ ಇಳಿಸಿಟ್ಟ ಗಿಟಾರಿನ ಅಳತೆ ತೆಗೆದರೆ ಲೆಕ್ಕ ತಪ್ಪುತ್ತದೆ.

2. ಕುತ್ತಿಗೆಯ ಬಾಗು: ಕುತ್ತಿಗೆ ಪೂರ್ತಿ ನೇರವಾಗಿರಬಾರದು, ಮುಂದಕ್ಕೆ ಕೂದಲೆಳೆಯಷ್ಟು ಬಾಗಿರಬೇಕು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಬ್ಬರು ಒತ್ತಿ ಹಿಡಿಯಲಿ. ಕುತ್ತಿಗೆ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲಿ ನೀವು ಒತ್ತಿ. ಈಗ 7 ಅಥವಾ 8ನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ದಪ್ಪ ಕಾಗದದ ವಿಸಿಟಿಂಗ್ ಕಾರ್ಡ್ ತಂತಿಯನ್ನು ಎತ್ತದೆ ಜಾರಿದರೆ ಸರಿಸುಮಾರು ಸರಿ. ಎ.ಟಿ.ಎಂ. ಕಾರ್ಡಿನ ದಪ್ಪ 0.76 ಮಿಲಿಮೀಟರ್, ಅದು ಸಲೀಸಾಗಿ ನುಗ್ಗಿದರೆ ಬಾಗು ತೀರಾ ಹೆಚ್ಚಾಗಿದೆ. ಬಾಗು ಹೆಚ್ಚಿದ್ದರೆ ಟ್ರಸ್ ರಾಡ್ ತಿರುಪನ್ನು ಬಿಗಿಯುವ ದಿಕ್ಕಿಗೆ, ಕಡಿಮೆ ಇದ್ದರೆ ಸಡಿಲಿಸುವ ದಿಕ್ಕಿಗೆ ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ತಿರುಪು ಬಿಗಿಯಾಗಿದ್ದರೆ ಬಲ ಪ್ರಯೋಗಿಸಬೇಡಿ, ತಿಳಿದವರಿಗೆ ಒಪ್ಪಿಸಿ. ಆ ಸರಳು ಮುರಿದರೆ ಗಿಟಾರೇ ಹೋಯಿತು.

3. ತಂತಿಯ ಎತ್ತರ: ತಂತಿಯನ್ನು ಒತ್ತದೆ 17ನೇ ಫ್ರೆಟ್‌ನ ಮೇಲೆ ಅಳೆಯಿರಿ. ಫ್ರೆಟ್‌ನ ತುದಿಯಿಂದ ದಪ್ಪ ಇ ತಂತಿಯ ತಳಕ್ಕೆ ಸುಮಾರು 2.4 ಮಿಲಿಮೀಟರ್, ತೆಳು ಜಿ ತಂತಿಗೆ ಸುಮಾರು 2 ಮಿಲಿಮೀಟರ್ ಇರಲಿ. ಬ್ರಿಡ್ಜಿನಲ್ಲಿ ಪ್ರತಿ ತಂತಿಗೂ ಒಂದು ಸ್ಯಾಡಲ್, ಅದರ ಮೇಲೆ ಎರಡು ಸಣ್ಣ ತಿರುಪು ಇರುತ್ತವೆ. ಅವನ್ನು ತಿರುಗಿಸಿ ಎತ್ತರ ಇಳಿಸಬಹುದು ಅಥವಾ ಏರಿಸಬಹುದು. ಬಲವಾಗಿ ಮೀಟುವವರಿಗೆ ಸ್ವಲ್ಪ ಹೆಚ್ಚು ಎತ್ತರ ಬೇಕಾಗುತ್ತದೆ, ಇಲ್ಲವಾದರೆ ತಂತಿ ಫ್ರೆಟ್‌ಗೆ ಬಡಿದು ಝರ್ ಎನ್ನುತ್ತದೆ.

4. ಸ್ವರಶುದ್ಧಿ: ತಂತಿಯನ್ನು ಬಿಟ್ಟು ನುಡಿಸಿ ಟ್ಯೂನರ್‌ನಲ್ಲಿ ನೋಡಿ. ಬಳಿಕ 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಅದೇ ಸ್ವರ ಒಂದು ಸಪ್ತಕ ಮೇಲೆ ಬರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಕುತ್ತಿಗೆಯಿಂದ ದೂರಕ್ಕೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ ಸರಿಸಿ. ಕೀಬೋರ್ಡಿನ ಜೊತೆ ಬೇಸ್ ಸೇರಿದಾಗ ಏನೋ ಕಹಿಯಾಗಿ ಕೇಳಿಸುತ್ತದೆ ಎಂದು ದೂರುವವರು ಮೊದಲು ನೋಡಬೇಕಾದ್ದು ಇದನ್ನೇ.

5. ಪಿಕಪ್‌ನ ಎತ್ತರ: ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೂ ಪಿಕಪ್‌ಗೂ ಸುಮಾರು 3 ಮಿಲಿಮೀಟರ್, ತೆಳು ತಂತಿಗೂ ಪಿಕಪ್‌ಗೂ ಸುಮಾರು 2.5 ಮಿಲಿಮೀಟರ್ ಅಂತರ ಆರಂಭಕ್ಕೆ ಸರಿ. ನಾಲ್ಕೂ ತಂತಿಗಳು ಒಂದೇ ಸಮನಾಗಿ ಕೇಳಿಸುವವರೆಗೆ ಹೊಂದಿಸಿ.

ಮಳೆಗಾಲದ ತೇವದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕುತ್ತಿಗೆಯೂ ಅದಕ್ಕೆ ತಕ್ಕಂತೆ ಅಲುಗುತ್ತದೆ. ಆದ್ದರಿಂದ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಎರಡು ಸಲ, ಅಂದರೆ ಮಳೆ ಹಿಡಿದ ಮೇಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಈ ಅಳತೆಗಳನ್ನು ನೋಡಬೇಕು. ಮೊಂತಿ ಹಬ್ಬದ ತಯಾರಿಯ ಹೊತ್ತಿಗೆ ಒಮ್ಮೆ, ಕ್ರಿಸ್ಮಸ್ ಅಭ್ಯಾಸಕ್ಕೆ ಮೊದಲು ಇನ್ನೊಮ್ಮೆ ಎಂದು ಇಟ್ಟುಕೊಂಡರೆ ನೆನಪಿರುತ್ತದೆ.

ಧ್ವನಿ ಹೊರಬರುವುದು ಎಲ್ಲಿಂದ?

ಇ ತಂತಿಯ ಸ್ವರದ ಒಂದು ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗಿಂತ ಹೆಚ್ಚು. ಗೋಡೆಗೆ ಬಿಗಿದ ಉದ್ದನೆಯ ಕಾಲಂ ಸ್ಪೀಕರ್‌ಗಳು ಓದು ಮತ್ತು ಪ್ರಸಂಗ ಕೇಳಿಸಲೆಂದು ಇರುವಂಥವು. ಅವುಗಳ ಒಳಗಿನ ಚಿಕ್ಕ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲು ಆಗುವುದಿಲ್ಲ. ಬೇಸ್ ಕೇಳುತ್ತಿಲ್ಲವೆಂದು ಮಿಕ್ಸರ್‌ನಲ್ಲಿ ಅದರ ಗುಂಡಿಯನ್ನು ಏರಿಸುತ್ತಾ ಹೋದರೆ ಸ್ಪೀಕರ್ ಹರಿಯುತ್ತದೆ, ಓದುವವರ ಮಾತೂ ಕೆಡುತ್ತದೆ. ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಚಿಕ್ಕ ಬೇಸ್ ಆಂಪ್ಲಿಫೈಯರ್. 10 ಅಥವಾ 12 ಇಂಚಿನ ಸ್ಪೀಕರ್ ಇರುವ, 25ರಿಂದ 50 ವ್ಯಾಟಿನದು ಡ್ರಮ್ ಸೆಟ್ ಇಲ್ಲದ ಗಾಯನ ಮಂಡಳಿಗೆ ಸಾಕು. ಡ್ರಮ್ ಸೆಟ್ ಇದ್ದರೆ 100 ವ್ಯಾಟ್ ಬೇಕಾಗಬಹುದು. ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ವ್ಯಾಟ್ ಎರಡು ಪಟ್ಟಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರಾಗಿ ಕೇಳಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸಾಮಾನ್ಯ ಗಿಟಾರಿನ ಆಂಪ್ಲಿಫೈಯರ್‌ಗೆ ಬೇಸ್ ಚುಚ್ಚಿ ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಹಾಳಾಗುತ್ತದೆ.

ಎರಡನೆಯದು ಡಿ.ಐ. ಬಾಕ್ಸ್. ಇದು ಅಂಗೈಯಗಲದ ಪೆಟ್ಟಿಗೆ. ಗಿಟಾರಿನ ದುರ್ಬಲ ಸಂಕೇತವನ್ನು ಮೈಕ್ ಸಂಕೇತದಂತೆ ಮಾಡಿ ಉದ್ದದ ಮೈಕ್ ಕೇಬಲ್ ಮೂಲಕ ಮಿಕ್ಸರ್‌ಗೆ ಕಳುಹಿಸುತ್ತದೆ. ಗಿಟಾರಿನ ಸಾಮಾನ್ಯ ಕೇಬಲ್ 5–6 ಮೀಟರ್ ದಾಟಿದರೆ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಡಿ.ಐ. ಬಾಕ್ಸ್ ಇದ್ದರೆ ಆ ಚಿಂತೆಯಿಲ್ಲ. ಮೋಟೌನ್ ಧ್ವನಿಮುದ್ರಣಗಳಲ್ಲೂ ಬೇಸ್ ಗಿಟಾರನ್ನು ಹೆಚ್ಚಾಗಿ ನೇರವಾಗಿಯೇ ಜೋಡಿಸುತ್ತಿದ್ದರು. ನಿಮ್ಮ ಇಗರ್ಜಿಯಲ್ಲಿ 12 ಅಥವಾ 15 ಇಂಚಿನ ದೊಡ್ಡ ಸ್ಪೀಕರ್‌ಗಳಿದ್ದರೆ ಈ ದಾರಿಯೇ ಅಗ್ಗ. ಕಾಲಂ ಸ್ಪೀಕರ್ ಮಾತ್ರ ಇದ್ದರೆ ಮಿಕ್ಸರ್‌ನಲ್ಲಿ ಬೇಸ್‌ನ ಕೆಳಭಾಗವನ್ನು ತಗ್ಗಿಸಿ ನಡುಭಾಗವನ್ನು ಸ್ವಲ್ಪ ಏರಿಸಿ. ಪ್ರತಿ ಸ್ವರದ ಜೊತೆಗೂ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಉಪಸ್ವರಗಳು ಇರುತ್ತವೆ. ಅವು ಕೇಳಿಸಿದರೆ ಮೂಲ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ವಿದ್ಯುತ್ ವಿಷಯದಲ್ಲಿ ಎಚ್ಚರಿಕೆ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬೇಸ್ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಅರ್ತ್‌ಗೆ ಜೋಡಣೆಯಾಗಿರುತ್ತವೆ. ಅರ್ತಿಂಗ್ ಸರಿಯಿಲ್ಲದಿದ್ದರೆ ತಂತಿ ಹಿಡಿದುಕೊಂಡೇ ಮೈಕ್‌ಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯುತ್ತದೆ. ನಮ್ಮ ಮನೆ, ಇಗರ್ಜಿಗಳ ವಿದ್ಯುತ್ 230 ವೋಲ್ಟ್. ಅದು ಪ್ರಾಣಕ್ಕೇ ಅಪಾಯ.

• ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ನನ್ನು ಗುಂಯ್ ಸದ್ದು ಹೋಗಲೆಂದು ಎಂದೂ ತೆಗೆಯಬೇಡಿ. ಆ ಕೆಲಸಕ್ಕೆ ಡಿ.ಐ. ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಇರುತ್ತದೆ.
• ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡಿ.
• ಹಬ್ಬಕ್ಕೆ ಮೈದಾನದಲ್ಲಿ ಜನರೇಟರ್ ಬಳಸುವಾಗ ಅರ್ತಿಂಗ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನುಡಿಸಬೇಡಿ.
• ಗುಡುಗು ಮಿಂಚಿನ ದಿನಗಳಲ್ಲಿ ಕಾರ್ಯಕ್ರಮ ಮುಗಿದೊಡನೆ ಪ್ಲಗ್ ಕಳಚಿ.

ಇಗರ್ಜಿಯೊಳಗೆ ಧ್ವನಿ ಹೊಂದಿಸುವುದು

ಹಂಚಿನ ಮಾಡಿನ ಹಳೆಯ ಇಗರ್ಜಿಯೂ ಕಾಂಕ್ರೀಟಿನ ಹೊಸ ಇಗರ್ಜಿಯೂ ಒಂದೇ ರೀತಿ ಧ್ವನಿಸುವುದಿಲ್ಲ. ಖಾಲಿ ಇಗರ್ಜಿ ಮತ್ತು ಜನ ತುಂಬಿದ ಇಗರ್ಜಿಯೂ ಹಾಗೆಯೇ. ಆಂಪ್ಲಿಫೈಯರನ್ನು ಮೂಲೆಯಲ್ಲಿ ಇಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಕೆಳಗಿನ ಸ್ವರಗಳು ಉಬ್ಬುತ್ತವೆ, ಹಾಡಿನ ಮಾತು ಮುಳುಗುತ್ತದೆ. ಅದನ್ನು ಗೋಡೆಯಿಂದ ದೂರವಿಟ್ಟು, ಗಟ್ಟಿಯಾದ ಕುರ್ಚಿಯ ಮೇಲೆ ನುಡಿಸುವವರ ಕಿವಿಯ ಕಡೆಗೆ ಮುಖ ಮಾಡಿ ಇಡಿ. ಆಗ ಅವರು ತಾವಾಗಿ ಧ್ವನಿ ತಗ್ಗಿಸುತ್ತಾರೆ. ಮರದ ಮಾಳಿಗೆಯಲ್ಲಿ ನೆಲದ ಮೇಲೆ ಇಟ್ಟರೆ ಮಾಳಿಗೆಯೇ ನಡುಗುತ್ತದೆ.

ಅಭ್ಯಾಸದ ದಿನ ಒಬ್ಬರು ಕೆಳಗಿಳಿದು ಮೊದಲ ಬೆಂಚಿನಲ್ಲಿ, ನಡುವೆ, ಹಿಂದಿನ ಬಾಗಿಲ ಬಳಿ ಕುಳಿತು ಕೇಳಲಿ. ಹಾಡಿನ ಪುಸ್ತಕ ಮುಚ್ಚಿಟ್ಟು ಮಾತುಗಳು ಅರ್ಥವಾಗುತ್ತವೆಯೇ ಎಂದು ನೋಡಲಿ. ಅರ್ಥವಾಗದಿದ್ದರೆ ಬೇಸ್ ತಗ್ಗಿಸಿ. ಇದಕ್ಕೆ ಕಿವಿ ಸ್ವಲ್ಪ ಮಂದವಾದ ಹಿರಿಯರೊಬ್ಬರನ್ನು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಕೀಬೋರ್ಡ್ ನುಡಿಸುವವರೊಡನೆಯೂ ಮಾತಾಡಿಕೊಳ್ಳಬೇಕು. ಕೀಬೋರ್ಡಿನ ಎಡಗೈ ಕೆಳಗಿನ ಸಪ್ತಕದಲ್ಲೇ ಓಡಾಡಿದರೆ ಎರಡೂ ಸೇರಿ ಗೊಜ್ಜಾಗುತ್ತದೆ. ರಿದಮ್ ಜೊತೆ ತಾನಾಗಿ ಬರುವ ಬೇಸ್ ಇದ್ದರೆ ಅದನ್ನು ಆರಿಸಿಬಿಡಿ. ಹೊಸಬರು ಪ್ರತಿ ಕಾರ್ಡ್‌ನ ಮೂಲ ಸ್ವರವನ್ನು ಮಾತ್ರ ತಾಳಕ್ಕೆ ಸರಿಯಾಗಿ ನುಡಿಸಲಿ. ಪರಮಪ್ರಸಾದದ ಗೀತೆಗೆ ಅಷ್ಟೇ ಸಾಕು. ಪ್ರವೇಶ ಗೀತೆ, ಮಹಿಮಾಗೀತೆಗಳಲ್ಲಿ ನಿಧಾನವಾಗಿ ಮುಂದುವರಿಯಬಹುದು.

ಕಾಪಾಡಿಕೊಳ್ಳುವುದು

ನುಡಿಸಿದ ಬಳಿಕ ಒಣ ಹತ್ತಿಬಟ್ಟೆಯಿಂದ ತಂತಿಗಳ ಮೇಲೂ ಕೆಳಗೂ ಒರೆಸಿ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಬ್ರಿಡ್ಜಿನ ತಿರುಪುಗಳಿಗೆ ಮಳೆಗಾಲಕ್ಕೆ ಮೊದಲು ಒಂದೊಂದು ತೊಟ್ಟು ಮೆಷಿನ್ ಎಣ್ಣೆ ಹಾಕಿ, ಹೆಚ್ಚಾದದ್ದನ್ನು ಒರೆಸಿ. ತೇವ ಜಿನುಗುವ ಗೋಡೆಗೆ ಒರಗಿಸಬೇಡಿ, ಕಾರಿನೊಳಗೆ ಬಿಸಿಲಿನಲ್ಲಿ ಬಿಡಬೇಡಿ.

ವಾದ್ಯವು ಧರ್ಮಕೇಂದ್ರದ ಆಸ್ತಿ. ಕೊಂಡ ದಿನಾಂಕ, ಬೆಲೆ, ಕ್ರಮಸಂಖ್ಯೆಯನ್ನು ದಾಸ್ತಾನು ಪುಸ್ತಕದಲ್ಲಿ ಬರೆಯಿರಿ. ಅದೇ ಪುಟದಲ್ಲಿ ಹೊಂದಾಣಿಕೆ ಮಾಡಿದ ದಿನ, ತಂತಿ ಬದಲಿಸಿದ ದಿನ ಮತ್ತು ಮೇಲೆ ಹೇಳಿದ ಅಳತೆಗಳನ್ನೂ ಗುರುತಿಸಿಡಿ. ಧರ್ಮಗುರುಗಳಿಗೆ ವರ್ಗವಾಗುತ್ತದೆ, ಯುವಜನರು ಓದಿಗೆಂದೋ ಕೆಲಸಕ್ಕೆಂದೋ ಊರು ಬಿಡುತ್ತಾರೆ. ಪುಸ್ತಕದಲ್ಲಿ ಬರೆದಿಟ್ಟದ್ದು ಮುಂದೆ ಬರುವವರಿಗೆ ಉಳಿಯುತ್ತದೆ. ಕಪಾಟಿನ ಬೀಗದ ಕೈ ಒಬ್ಬರ ಬಳಿಯೇ ಇರುವುದೂ ಬೇಡ, ಎಲ್ಲರ ಬಳಿ ಇರುವುದೂ ಬೇಡ. ನಿರ್ದೇಶಕರು ಮತ್ತು ನುಡಿಸುವವರ ಬಳಿ ಒಂದೊಂದು ಇರಲಿ.

ಆತ್ಮೀಯರೇ, ನಿಮ್ಮ ಗಾಯನ ಮಂಡಳಿಯ ಕಪಾಟಿನಲ್ಲಿ ಈಗಾಗಲೇ ಒಂದು ಬೇಸ್ ಗಿಟಾರ್ ಧೂಳು ತಿನ್ನುತ್ತಿರಬಹುದು. ಹೊಸದಕ್ಕೆ ಹಣ ಕೂಡಿಸುವ ಮೊದಲು ಅದನ್ನು ಹೊರತೆಗೆದು, ಶ್ರುತಿ ಮಾಡಿ, 17ನೇ ಫ್ರೆಟ್‌ನ ಮೇಲೆ ಸ್ಕೇಲ್ ಇಟ್ಟು ನೋಡಿ. ಕಲಿಯಲು ಬಂದ ಮಗುವಿನ ಬೆರಳಿನಲ್ಲಿ ಬೊಕ್ಕೆ ಎದ್ದಿದ್ದರೆ ಮಗುವನ್ನು ಗದರಿಸುವ ಮೊದಲು ಗಿಟಾರನ್ನು ಪರೀಕ್ಷಿಸಿ. ನಾನು ಹಾಗೆ ಮಾಡಿದ್ದರೆ ಒಬ್ಬ ಒಳ್ಳೆಯ ವಾದಕನನ್ನು ಕಳೆದುಕೊಳ್ಳುತ್ತಿರಲಿಲ್ಲ.